ಕೌಲು ತಪ್ಪದ ತಂತಿ

ಅರಬ್ಬಿ ಭಾಷೆಯಲ್ಲಿ 'ಕೌಲ್' ಎಂದರೆ ಆಡಿದ ಮಾತು. ಕಂದಾಯದ ಹಳೆಯ ಕಾಗದಪತ್ರಗಳಲ್ಲಿ ಅದು ಸರ್ಕಾರ ರೈತನಿಗೋ ವ್ಯಾಪಾರಿಗೋ ಬರೆದುಕೊಟ್ಟ ಕರಾರು. ಕವ್ವಾಲಿ ಎಂಬ ಪದವೂ ಇದೇ ಬೇರಿನದು. ಬಳ್ಳಾರಿಯಲ್ಲಿ ಬ್ರಿಟಿಷರ ದಂಡಿನ ಮಗ್ಗುಲಲ್ಲಿ ಬೆಳೆದ ನಮ್ಮ ಕೌಲ್ ಬಜಾರಿನಲ್ಲಿ ಮಾತು, ಹಾಡು, ವ್ಯಾಪಾರ ಮೂರೂ ಒಟ್ಟಿಗೆ ಎದುರಾದ ಒಂದು ಪ್ರಸಂಗವನ್ನು ಓದುಗರ ಮುಂದಿಡುತ್ತಿದ್ದೇವೆ.

ನಾವು ಮೂವರು ಗೆಳೆಯರು ಹರೆಯದಲ್ಲಿ ಆರ್ಕೆಸ್ಟ್ರಾ ಕಟ್ಟಿಕೊಂಡು ಮದುವೆ, ಉರುಸು, ಗಣೇಶೋತ್ಸವ ಎನ್ನದೆ ಕರೆದಲ್ಲಿಗೆಲ್ಲ ಹೋದವರು. 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳಲ್ಲಿ ಇಳಯರಾಜ ಬೇಸ್ ಗಿಟಾರಿಗೆ ಕೊಟ್ಟ ನಡೆಯನ್ನು ಕೇಳಿ ಕೇಳಿ ನಮಗೂ ಅದು ಬೇಕೆನ್ನಿಸಿತ್ತು. ಕೂಡಿಸಿದ ಹಣದಲ್ಲಿ ಪರವೂರಿನ ಅಂಗಡಿಯೊಂದರಿಂದ ತಂದೆವು. ಕೆಂಪು ಬಣ್ಣ, ಕನ್ನಡಿಯಂಥ ಹೊಳಪು. ಅಂಗಡಿಯವರ ಮಾತು ನಂಬಿದೆವು, ನುಡಿಸಿ ನೋಡಲಿಲ್ಲ.

ಬಳ್ಳಾರಿಯ ಬೇಸಿಗೆ ಯಾರನ್ನೂ ಬಿಡುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿದಾಗ ಗಿಟಾರಿನ ಕತ್ತಿನ ಮರ ಒಣಗಿ ಕುಗ್ಗಿತು. ಮರ ಕುಗ್ಗಿದರೂ ಅದರ ಮೇಲಿನ ಫ್ರೆಟ್ ಎಂಬ ಲೋಹದ ಪಟ್ಟಿಗಳು ಕುಗ್ಗುವುದಿಲ್ಲವಲ್ಲ, ಅವುಗಳ ತುದಿ ಹೊರಚಾಚಿ ಬೆರಳು ಕೊಯ್ಯತೊಡಗಿದವು. ಕತ್ತು ತಿರುಚಿಕೊಂಡಿತು. ಕುರುಗೋಡಿನ ಮದುವೆಯೊಂದರಲ್ಲಿ ಕೀಬೋರ್ಡ್ ಒಂದು ಶ್ರುತಿ, ಬೇಸ್ ಇನ್ನೊಂದು ಶ್ರುತಿ. ಬೇಸ್ ಎಂದರೇನೆಂದು ಆ ಚಪ್ಪರದಲ್ಲಿ ಯಾರಿಗೂ ತಿಳಿಯದು. ಆದರೂ ಹಿರಿಯರೊಬ್ಬರು ಬಂದು, "ಎಲ್ಲಾ ಛಲೋ ಐತಿ, ಬುಡದಾಗ ಏನೋ ಸರಿಯಿಲ್ಲ ನೋಡ್ರಿ" ಎಂದರು. ಬೇಸ್ ಇದ್ದಾಗ ಯಾರೂ ಗಮನಿಸುವುದಿಲ್ಲ, ಕೆಟ್ಟಾಗ ಎಲ್ಲರಿಗೂ ತಿಳಿಯುತ್ತದೆ.

ಇಷ್ಟು ವರ್ಷಗಳ ಮೇಲೆ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದ. ಜೀನ್ಸ್ ಹೊಲಿಯುವ ಘಟಕದಲ್ಲಿ ದುಡಿದು ಸುಮಾರು ಒಂದು ವರ್ಷದಲ್ಲಿ 12 ಸಾವಿರ ರೂಪಾಯಿ ಉಳಿಸಿದ್ದ. "ಚಾಚಾ, ಬೇಸ್ ತಗೋಬೇಕು. ನೀವು ಬಂದು ನೋಡ್ರಿ" ಎಂದ. ಮರುದಿನ ಅವನ ತಾಯಿ ಬಂದರು. "ನೀವು ಹೂಂ ಅಂದ್ರೆ ಕೊಡಸ್ತೀನಿ ಭಾಯ್. ವರ್ಷದ ದುಡಿಮೆ ಅದು" ಎಂದರು. ಹೂಂ ಎನ್ನುವುದು ಸುಲಭವಲ್ಲ ಎಂದು ನಮಗೆ ಆಗ ತಿಳಿಯಿತು.

ಅಂಗಡಿಯಲ್ಲಿ ಎರಡು ವಾದ್ಯಗಳಿದ್ದವು. ಒಂದು ಹೊಚ್ಚಹೊಸ ನೀಲಿ ಬಣ್ಣದ್ದು. ಚೀಲ, ಪಟ್ಟಿ, ಪುಟ್ಟ ಆಂಪ್ಲಿಫೈಯರ್ ಸೇರಿ 12 ಸಾವಿರ. ಇನ್ನೊಂದು ಯಾರೋ ಬಳಸಿ ಮಾರಿದ್ದು. ಕಪ್ಪು ಬಣ್ಣ, ಮೈತುಂಬ ಗೀರು, 7 ಸಾವಿರ. ಹುಡುಗನ ಕಣ್ಣು ನೀಲಿಯ ಮೇಲಿತ್ತು.

ಬಡಗಿ ಮರದ ಪಟ್ಟಿಯನ್ನು ನೋಡುವಂತೆ ನಾವು ಒಂದು ಕಣ್ಣು ಮುಚ್ಚಿ, ಗಿಟಾರಿನ ತಲೆಯ ಕಡೆಯಿಂದ ಕತ್ತಿನುದ್ದಕ್ಕೂ ನೋಡಿದೆವು. ನೀಲಿಯದರ ಕತ್ತು ಒಂದು ಮಗ್ಗುಲಿಗೆ ತಿರುಚಿತ್ತು. ಕಪ್ಪಿನದು ನೆಟ್ಟಗಿತ್ತು. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯದರಲ್ಲೂ ಒತ್ತಿ ಹಿಡಿದರೆ ನಡುವೆ ದಪ್ಪ ಕಾಗದವೊಂದು ತೂರುವಷ್ಟು ಮಾತ್ರ ಸಂದಿತ್ತು. ಅಷ್ಟಿರಬೇಕು.

ಆಮೇಲೆ ಶ್ರುತಿ. ಬೇಸ್ ಗಿಟಾರಿನ ತಂತಿಯ ಉದ್ದ ಸಾಮಾನ್ಯವಾಗಿ 34 ಅಂಗುಲ. ಹನ್ನೆರಡನೆಯ ಫ್ರೆಟ್ ಅದರ ನಟ್ಟನಡುವೆ ಬರುತ್ತದೆ. ಅಲ್ಲಿ ತಂತಿಯನ್ನು ಒತ್ತದೆ ಬರಿದೇ ತಾಕಿಸಿ ಮೀಟಿದರೆ ಒಂದು ನಾದ, ಒತ್ತಿ ಮೀಟಿದರೆ ಇನ್ನೊಂದು. ಎರಡೂ ಒಂದೇ ಸ್ವರವಾಗಬೇಕು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ತಮ್ಮ ಫ್ರೆಟ್ಟುಳ್ಳ ಬೇಸಿಗೆ 'ಪ್ರಿಸಿಷನ್' ಎಂದು ಹೆಸರಿಟ್ಟದ್ದೇ ಸ್ವರ ಕರಾರುವಾಕ್ಕಾಗಿ ಸಿಗುತ್ತದೆ ಎಂಬ ಕಾರಣಕ್ಕೆ. ಫ್ರೆಟ್ ಇದ್ದೂ ಸ್ವರ ತಪ್ಪಿದರೆ ಅದು ಮಾತು ತಪ್ಪಿದಂತೆ.

ಕಪ್ಪು ಗಿಟಾರಿನಲ್ಲಿ ಸ್ವರ ತುಸು ತಪ್ಪಿತು. ಹುಡುಗನ ಮುಖ ಅರಳಿತು, ಇನ್ನು ನೀಲಿಯೇ ಎಂದುಕೊಂಡಿರಬೇಕು. ನಾವು ಬುಡದ ತಿರುಪನ್ನು ತುಸು ತಿರುಗಿಸಿ ತಂತಿಯ ಉದ್ದ ಸರಿಪಡಿಸಿದೆವು, ಎರಡು ನಾದವೂ ಕೂಡಿದವು. ಧ್ವನಿಯ ಗುಂಡಿ ತಿರುಗಿಸಿದಾಗ ಗರಗರ ಎಂದಿತು. ಅದು ಧೂಳು, ತೊಳೆದರೆ ಹೋಗುತ್ತದೆ. ತಂತಿಗೆ ತುಕ್ಕು ಹಿಡಿದಿತ್ತು, ಬದಲಿಸಬಹುದು. ಬಿರಡೆಗಳು ಬಿಗಿಯಾಗಿದ್ದವು. ಒಂದೊಂದೇ ಫ್ರೆಟ್ಟಿನಲ್ಲಿ ನುಡಿಸಿ ಕೇಳಿದಾಗ ಎಲ್ಲೂ ನಾದ ತಟ್ಟನೆ ಸಾಯಲಿಲ್ಲ.

ಅವನಿಗೆ ಹೇಳಿದೆವು: ಗೀರು, ತುಕ್ಕು, ಧೂಳು ದುರಸ್ತಿಗೆ ಸಿಗುವ ದೋಷಗಳು. ತಿರುಚಿದ ಕತ್ತು ಹಾಗಲ್ಲ, ಅದರ ದುರಸ್ತಿಗೆ ಗಿಟಾರಿನ ಬೆಲೆಯೇ ಸಾಲದು. ಅವನು ತಲೆ ತಗ್ಗಿಸಿ, "ಇದರಾಗ ಹೊಳಪೇ ಇಲ್ಲ ಚಾಚಾ" ಎಂದ. "ನೀನು ಹೊಲಿದ ಪ್ಯಾಂಟು ಗಟ್ಟಿಯೋ ಅಲ್ಲವೋ ಅಂತ ಹೆಂಗ ನೋಡ್ತೀಯಪ್ಪಾ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗ ಹೊರಳಿಸಿ ಹೊಲಿಗೆ ನೋಡ್ತೀನಿ" ಎಂದ. ಆಮೇಲೆ ತಾನೇ ಕಪ್ಪು ಗಿಟಾರನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ ಅದರ ಕತ್ತನ್ನು ನೋಡಿದ.

ಉಳಿದ ಹಣದಲ್ಲಿ ಹೊಸ ತಂತಿ ಬಂದವು, ಮಿಕ್ಕದ್ದು ತಾಯಿಯ ಕೈ ಸೇರಿತು. ಪುಟ್ಟ ಸ್ಪೀಕರಿನಲ್ಲಿ ಬೇಸಿನ ತಗ್ಗು ನಾದ ಹೊರಡುವುದೇ ಇಲ್ಲ. ಹಾಗಾಗಿ ಅಟ್ಟದ ಮೇಲಿದ್ದ ನಮ್ಮ ಹಳೆಯ ಆಂಪ್ಲಿಫೈಯರನ್ನು ಇಳಿಸಿ ಕೊಟ್ಟೆವು.

ಉಳ್ಳವರು ಕೊಂಡ ವಸ್ತು ಕೆಟ್ಟರೆ ಇನ್ನೊಂದು ಕೊಳ್ಳುತ್ತಾರೆ. ವರ್ಷವಿಡೀ ಉಳಿಸಿ ಕೊಂಡವರಿಗೆ ಎರಡನೆಯ ಅವಕಾಶವಿಲ್ಲ. ಹಾಗಿರುವಾಗ ಅಗ್ಗದ ವಸ್ತುವನ್ನೇ ಅಲ್ಲವೇ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕಾದದ್ದು? 'ಈ ಬೆಲೆಗೆ ಇಷ್ಟೇ' ಎಂಬ ಮಾತನ್ನು ನಾವು ಬಹಳ ಬೇಗ ಒಪ್ಪಿಕೊಳ್ಳುತ್ತೇವೆ.

ಆದರೂ ಮೇ ತಿಂಗಳು ಬರುವವರೆಗೆ ನಮಗೆ ಒಳಗೊಳಗೇ ಅಳುಕಿತ್ತು. ಬಿಸಿಲು ನೆತ್ತಿಗೇರಿದ ಒಂದು ಮಧ್ಯಾಹ್ನ ಹುಡುಗ ಗಿಟಾರು ಹೊತ್ತು ಬಂದ. ಕತ್ತಿನ ಅಂಚಿಗೆ ಬೆರಳಾಡಿಸಿದೆವು. ಎರಡು ಮೂರು ಫ್ರೆಟ್ಟಿನ ತುದಿ ಕೂದಲೆಳೆಯಷ್ಟು ಹೊರಬಂದಿತ್ತು, ಅರ ಹಾಕಿ ಉಜ್ಜಿದೆವು. ಕತ್ತು ತುಸು ಬಾಗಿತ್ತು. ಒಳಗಿನ ಸಲಾಕೆಯ ತಿರುಪನ್ನು ಕಾಲು ಸುತ್ತು ತಿರುಗಿಸಿದಾಗ ನೆಟ್ಟಗಾಯಿತು. ಹನ್ನೆರಡನೆಯ ಫ್ರೆಟ್ಟಿನಲ್ಲಿ ಅವನೇ ತಾಕಿಸಿ ಮೀಟಿದ, ಒತ್ತಿ ಮೀಟಿದ. ಎರಡೂ ಒಂದೇ ಸ್ವರ.

ಸಂಜೆ ಅವನ ತಾಯಿ ಬಾಗಿಲಲ್ಲಿ ನಿಂತು ನಮ್ಮ ಮುಖ ನೋಡಿದರು. ಈ ಸಲ ಅಳುಕಿಲ್ಲದೆ ಹೂಂ ಎಂದೆವು.