ಅವ್ವನ ಕಟ್ಟೆ

ಹಳೆಯ ಬಾಗಲಕೋಟೆಯಲ್ಲಿ ನಮ್ಮ ಮಾಳಿಗೆಮನೆಯ ಗೋಡೆಗೆ ನೆರೆಯವರ ಗೋಡೆ ತಾಗಿಕೊಂಡೇ ಇದ್ದಿತು. ನಕಾಶೆ, ಪರವಾನಗಿ ಎಂಬ ಮಾತುಗಳನ್ನು ನನ್ನ ಅಜ್ಜ ಕೇಳಿದ್ದರೋ ಇಲ್ಲವೋ! ಮುಳುಗುವ ಊರಿಗೆ ಹೊಸ ನೆಲೆ ಕಲ್ಪಿಸಲೆಂದು 1983ರ ಕಾಯಿದೆಯಿಂದ ಪ್ರಾಧಿಕಾರವೊಂದು ಏರ್ಪಟ್ಟಿತು. ಮುಂದೆ ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಮೇಲೇರಿ ಬಂದು ನಮ್ಮ ಮನೆಯೂ ಹೋಯಿತು. ನಾನು ವಿದ್ಯಾಗಿರಿಯಲ್ಲಿ ಜಾಗ ಕೊಂಡು ಮನೆ ಕಟ್ಟಿಸಹೊರಟೆ.

ಇಂಜಿನಿಯರರು ಬರೆದ ನಕಾಶೆಯಲ್ಲಿ ಎಲ್ಲವೂ ಇತ್ತು; ಕಟ್ಟೆ ಮಾತ್ರ ಇರಲಿಲ್ಲ.

“ಕಟ್ಟಿ ಇಲ್ಲದ ಮನಿಗೆ ಮಂದಿ ಹ್ಯಾಂಗ ಬರತಾರೋ ತಮ್ಮಾ?” ಎಂದಳು ಅವ್ವ.

ಬೀದಿಯ ಅಂಚಿನವರೆಗೆ ಕಟ್ಟೆಯನ್ನು ಬರೆಯಿಸಿ ಕಳುಹಿದೆ. ನಾಲ್ಕೂ ಬದಿಗೆ ಬಯಲು ಬಿಡಬೇಕೆಂದು ಅರ್ಜಿ ಮರಳಿ ಬಂದಿತು. ನಿಯಮದಲ್ಲಿ ತಪ್ಪೇನಿಲ್ಲ, ಗಾಳಿ ಬೇಕು, ಬೆಳಕು ಬೇಕು. ಹಳೆಯ ಮನೆಯ ನಡುಮನೆಯಲ್ಲಿ ಹಗಲಿಗೂ ದೀಪ ಹಚ್ಚುತ್ತಿದ್ದೆವೆಂಬುದನ್ನು ಅವ್ವ ಮರೆತಿದ್ದಳು. ನಾನೂ ನೆನಪಿಸಲಿಲ್ಲ.

ಮೂರನೆಯ ಸಲ ಕಚೇರಿಯ ಮೆಟ್ಟಿಲೇರಿದಾಗ ಹಿರಿಯ ಕಾರಕೂನರೊಬ್ಬರು, “ಬಯಲಾಗ ಗಿಡ ಹಚ್ಚಲಿಕ್ಕೆ ಯಾರ ಅಡ್ಡೀನೂ ಇಲ್ಲರಿ” ಎಂದರು. ಅಲ್ಲಿಯೇ ಕುಳಿತು ಕಟ್ಟೆಯ ಗೆರೆಯನ್ನು ಹೊಡೆದುಹಾಕಿದೆ. ಅವ್ವನಿಗೆ ಹೇಳುವ ಧೈರ್ಯ ಬರಲು ಎರಡು ದಿನ ಹಿಡಿದವು. ಅವಳು ಏನೂ ಅನ್ನಲಿಲ್ಲ. ಪರವಾನಗಿ ಕೈಸೇರಿದ ದಿನ ಮುಂದಿನ ಬಯಲಿನಲ್ಲಿ ಬೇವಿನ ಸಸಿಯೊಂದನ್ನು ನೆಟ್ಟಳು.

ಈಗ ಸಂಜೆಯಾದರೆ ಅದರಡಿ ಚಾಪೆ ಹಾಸಿ ಕೂಡುತ್ತಾಳೆ. ಓಣಿಯ ಹೆಂಗಸರು ಎಲೆಯಡಿಕೆಯ ಚೀಲ ಹಿಡಿದು ಬರುತ್ತಾರೆ. ಗೇಟಿಗೆ ಚಿಲಕ ಹಾಕಲು ನನಗೆ ಅಪ್ಪಣೆಯಿಲ್ಲ.