ಅಪ್ಪನ ಫೋಟೋ ತೆರೀಲಿಲ್ಲ

ಈ ವಾರ ಹೊಲದ ಸುದ್ದಿ ಕಡಿಮೆ, ಹೊಲದ ಫೋಟೋದ ಸುದ್ದಿ ಜಾಸ್ತಿ. ಸ್ವಲ್ಪ ಉದ್ದ ಐತಿ. ರಾತ್ರಿ ಕರೆಂಟಿಗೆ ಕಾಯ್ಕೊಂತ ಕೂತಾಗ ಓದ್ರಿ.

2009ರ ಮಳೆ ನಿಮಗೆಲ್ಲ ನೆನಪಿರಬೇಕು. ಸೆಪ್ಟೆಂಬರ್ ಕೊನೆಗೆ ಹಿಡಿದದ್ದು ಅಕ್ಟೋಬರ್ ಮೊದಲ ವಾರ ಆದರೂ ಬಿಡಲಿಲ್ಲ. ಆ ಕಡೆ ಮಂತ್ರಾಲಯದೊಳಗೆ ತುಂಗಭದ್ರೆ ನುಗ್ಗಿದ್ದಳು. ಈ ಕಡೆ ದೇವದುರ್ಗ ತಾಲೂಕಿನ ನಮ್ಮ ಹೊಲದಾಗ ಹಳ್ಳದ ನೀರು ಒಡ್ಡು ಒಡೆದು, ತೊಗರಿ ಸಾಲು ಸಮೇತ ಮಣ್ಣು ಎತ್ತಿಕೊಂಡು ಹೋಯಿತು. ಮಾನ್ವಿಯಿಂದ ಅಕ್ಕನ ಗಂಡ, ನಮ್ಮ ಭಾವ ಬಂದಿದ್ದರು. ಮದುವೆ ಫೋಟೋ ತೆಗೆಯೋ ಕ್ಯಾಮೆರಾ ಅವರ ಹತ್ತಿರ ಇತ್ತು. ಪರಿಹಾರದ ಅರ್ಜಿಗೆ ಹಚ್ಚೋಣ ಅಂತ ಹೊಲದ ಫೋಟೋ ತೆಗೆದು, ಎರಡು ಪ್ರಿಂಟ್ ಹಾಕಿಸಿ ಕೊಟ್ಟರು. ಅದರಾಗ ಅಪ್ಪ ನಿಂತಿದ್ದಾನೆ, ಆದರೆ ಹಿಂದಿನ ಮುಗಿಲು ಬೆಳ್ಳಗಾಗಿ ಅಪ್ಪ ಕರ್ರಗೆ ಬಂದಿದ್ದಾನೆ. ರುಮಾಲು ಕಾಣ್ತದ, ಮುಖ ಕಾಣೋದಿಲ್ಲ. ಅಪ್ಪ ತೀರಿಕೊಂಡ ಮೇಲೆ ನೋಡಿದರೆ, ಹೊಲದಾಗ ನಿಂತ ಅವನ ಫೋಟೋ ಅದೊಂದೇ.

ಈ ವರ್ಷ ಅದೇ ಒಡ್ಡಿಗೆ ಕಲ್ಲಿನ ಕೋಡಿ ಕಟ್ಟಿಸಬೇಕು ಅಂತ ಹೊರಟೆ. ನೀರು ಆವತ್ತು ಎಲ್ಲಿ ಒಡೆದಿತ್ತು ಅನ್ನೋದಕ್ಕೆ ಮಂದಿ ಒಬ್ಬೊಬ್ಬರು ಒಂದೊಂದು ಜಾಗ ತೋರಿಸಿದರು. ಕೋಡಿ ಜಾಗ ತಪ್ಪಿದರೆ ಕಲ್ಲು, ಸಿಮೆಂಟು, ಕೂಲಿ ಎಲ್ಲ ಹಳ್ಳದ ಪಾಲು. ಆಗ ಫೋಟೋ ನೆನಪಾಯ್ತು. ಭಾವನ ಹಳೇ ಹಾರ್ಡ್ ಡಿಸ್ಕ್ ತಂದೆ. ಸುಮಾರು 400 ಫೈಲ್ ಅದಾವ, ಎಲ್ಲಾ ರಾ ಫೈಲ್. ಒಂದೂ ತೆರೀಲಿಲ್ಲ. ಕ್ಯಾಮೆರಾ ಜೊತೆ ಬಂದಿದ್ದ ಸಿಡಿಯ ಪ್ರೋಗ್ರಾಮ್ ಹೊಸ ಲ್ಯಾಪ್‌ಟಾಪಿಗೆ ಹತ್ತಲಿಲ್ಲ. ರಾಯಚೂರಿನ ಒಂದು ಅಂಗಡಿಗೆ ಒಯ್ದೆ. "ಹಳೇವು ಬಿಡ್ರಿ ಯಜಮಾನ್ರ, ಬರೋದಿಲ್ಲ" ಅಂದರು. ವಾಪಸ್ ಬರೋ ಬಸ್ಸಿನಾಗ ಮನಸ್ಸಿಗೆ ಭಾಳ ಕೆಟ್ಟ ಅನಿಸಿತು.

ರಾ ಅಂದ್ರ ಏನು? ಕ್ಯಾಮೆರಾದ ಕಣ್ಣಿಗೆ ಬಿದ್ದ ಬೆಳಕಿನ ಲೆಕ್ಕ, ಅಡುಗೆ ಮಾಡದ ಅಕ್ಕಿ ಇದ್ದಂಗ. ನಮ್ಮ ಮೊಬೈಲಿನ ಜೆಪೆಗ್ ಅಂದ್ರ ಬೇಯಿಸಿದ ಅನ್ನ. ಜೆಪೆಗ್‌ನಾಗ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್ ರಾ ಫೈಲಿನಾಗ 4096. ಕತ್ತಲಾಗ ಅಡಗಿದ್ದನ್ನ ಆಮೇಲೆ ಹೊರಗೆ ತೆಗೀಬಹುದು. ಆದರೆ ಆ ಲೆಕ್ಕವನ್ನ ಒಂದೊಂದು ಕ್ಯಾಮೆರಾ ಕಂಪನಿ ತನ್ನದೇ ರೀತಿಯಾಗ ಬರೀತದ, ಓದೋ ವಿಧಾನವನ್ನ ಪೂರ್ತಿ ಬಿಟ್ಟುಕೊಡೋದಿಲ್ಲ.

ಮಾನ್ವಿಯ ಅಳಿಯ ಬಂದು ರಾ-ಥೆರಪಿ ಅನ್ನೋ ಪುಕ್ಕಟೆ ಪ್ರೋಗ್ರಾಮ್ ಹಾಕಿದ. ಅದರ ಬೇರು ಡಿಸಿರಾ ಅನ್ನೋ ಹಳೇ ಪ್ರೋಗ್ರಾಮಿನಾಗ ಐತಿ. ಡೇವ್ ಕಾಫಿನ್ ಅನ್ನೋರು 1997ರಾಗ ಶುರು ಮಾಡಿ, ಕಂಪನಿಗಳ ಫೈಲ್‌ಗಳನ್ನ ತಾವೇ ಬಿಚ್ಚಿ ನೋಡಿ, ಓದೋ ದಾರಿ ಹುಡುಕಿ, ಎಲ್ಲರಿಗೂ ಕೊಟ್ಟುಬಿಟ್ಟರು. ಆ ಪುಣ್ಯಾತ್ಮನಿಂದ ನಮ್ಮ ಫೋಟೋ ತೆರೀತು. ಅಳಿಯ ನೆರಳನ್ನ ನಿಧಾನ ತಿಳಿ ಮಾಡಿದ. ರುಮಾಲಿನ ಕೆಳಗೆ ಅಪ್ಪನ ಮುಖ ಬಂತು. ಅವ್ವ ನೋಡಿ, "ರುಮಾಲು ತೊಯ್ದು ತೊಪ್ಪೆ ಆಗೈತಿ ನೋಡು, ಮರುದಿನ ಜ್ವರ ಬಂದಿತ್ತು" ಅಂದಳು. ಅಪ್ಪನ ಬಲಗೈ ಮುಂದಕ್ಕೆ ಚಾಚಿತ್ತು. ಪ್ರಿಂಟಿನಾಗ ಆ ಕೈ ಇರೋದೇ ಗೊತ್ತಿರಲಿಲ್ಲ. ಬನ್ನಿ ಗಿಡದ ತೆಂಕಲಕ್ಕೆ, ಒಡ್ಡು ಒಡೆದ ಜಾಗ ತೋರಿಸ್ತಾ ಇದ್ದ. ಕೋಡಿ ಅಲ್ಲೇ ಕಟ್ಟಿಸೀನಿ.

ಆಮೇಲೆ ನಮ್ಮಿಬ್ಬರಿಗೆ ವಾದ ಬಿತ್ತು. ಅಳಿಯ ಅಂದ: "ಮಾವ, ಎಲ್ಲಾ ಡಿಎನ್‌ಜಿ ಮಾಡಿ ಹಳೇವು ಅಳಿಸಿಬಿಡೋಣ, ಜಾಗ ಉಳಿತದ." ಡಿಎನ್‌ಜಿ ಅನ್ನೋದು ಅಡೋಬ್ ಕಂಪನಿ 2004ರಾಗ ತಂದ ರಾ ಮಾದರಿ. ಅದೂ ಒಂದು ಕಂಪನಿದೇ, ಆದರೆ ಓದೋ ವಿಧಾನವನ್ನ ಬಹಿರಂಗ ಬರೆದಿಟ್ಟಾರ, ಯಾರು ಬೇಕಾದರೂ ಅದನ್ನ ಓದೋ ಪ್ರೋಗ್ರಾಮ್ ಬರೀಬಹುದು. ಫೈಲ್ ಕೆಟ್ಟೈತೋ ಇಲ್ಲೋ ನೋಡೋ ಗುರುತು ಒಳಗೇ ಇರ್ತದ. ಲೈಕಾ, ಪೆಂಟಾಕ್ಸ್ ಕ್ಯಾಮೆರಾಗಳು ನೇರ ಡಿಎನ್‌ಜಿಯಲ್ಲೇ ಉಳಿಸಬಲ್ಲವು.

ನನಗೆ ನಮ್ಮ ಜಿಲ್ಲೆಯ ಮಸ್ಕಿ ಶಾಸನ ನೆನಪಾಯ್ತು. ಬಂಡೆ ಗಟ್ಟಿ, ಅಕ್ಷರ ಗಟ್ಟಿ. ಆದರೆ ಬ್ರಾಹ್ಮಿ ಓದೋರು ನೂರಾರು ವರ್ಷ ದೇಶದಾಗೇ ಇರಲಿಲ್ಲ. 1837ರಾಗ ಜೇಮ್ಸ್ ಪ್ರಿನ್ಸೆಪ್ ಆ ಲಿಪಿ ಬಿಡಿಸಿದ ಕಾರಣಕ್ಕೇ, 1915ರಾಗ ಮಸ್ಕಿ ಬಂಡೆ ಸಿಕ್ಕಾಗ ಅದರಾಗಿನ ಅಶೋಕನ ಹೆಸರು ಓದಲಿಕ್ಕೆ ಬಂತು. ಹಳೇ ನುಡಿ ಫಾಂಟಿನ ಅರ್ಜಿ ತೆರೆದರೆ ಇಂಗ್ಲಿಷ್ ಅಕ್ಷರದ ಕಲಬೆರಕೆ ಕಾಣೋದು ನೋಡೀರಲ್ಲ? ಬರಹ ಅಲ್ಲೇ ಐತಿ, ಓದೋ ಕೀಲಿ ಇಲ್ಲ. ಅದಕ್ಕೆ ಕೀಲಿ ಎಲ್ಲರ ಕೈಯಾಗ ಇರೋದು ಒಳ್ಳೇದು ಅಂತ ಒಪ್ಪಿದೆ.

ಆದರೆ ಅಳಿಸೋದಕ್ಕೆ ಒಪ್ಪಲಿಲ್ಲ. ಡಿಎನ್‌ಜಿ ಮಾಡುವಾಗ ಕ್ಯಾಮೆರಾ ಕಂಪನಿ ಬರೆದ ಕೆಲವು ಗುಪ್ತ ಟಿಪ್ಪಣಿ ಬಿಟ್ಟುಹೋಗಬಹುದು. ಮೂಲ ಅಳಿಸಿದರೆ ಡಿಎನ್‌ಜಿಯಿಂದ ಮತ್ತೆ ಅದೇ ಮೂಲ ಮಾಡಲಿಕ್ಕೆ ಬರೋದಿಲ್ಲ. ಮೂಲ ಫೈಲನ್ನ ಡಿಎನ್‌ಜಿ ಹೊಟ್ಟೆಯೊಳಗೇ ಇಡಬಹುದು, ಆದರೆ ಗಾತ್ರ ದೊಡ್ಡದಾಗ್ತದ. ಜೆರಾಕ್ಸ್ ಚಂದ ಬಂತು ಅಂತ ಮೂಲ ಪಹಣಿ ಹರಿದು ಒಗೀತೀವೇನು?

ಕೊನೆಗೆ ಹಿಂಗ ಮಾಡೀವಿ. 400ರಾಗ ಬೇಕಾದ 60 ಆರಿಸಿದೆವು. ಅವುಗಳ ಮೂಲ ಹಂಗೇ ಉಳಿಸಿ, ಜೊತೆಗೆ ಡಿಎನ್‌ಜಿ, ಒಂದು ಜೆಪೆಗ್. ಗುಣ ಇಳಿಸಿ ಗಾತ್ರ ಸಣ್ಣದು ಮಾಡೋ ಆಯ್ಕೆ ಮುಟ್ಟಲಿಲ್ಲ. ಒಂದು ಡಿಸ್ಕ್ ನಮ್ಮಲ್ಲಿ, ಇನ್ನೊಂದು ಮಾನ್ವಿಯ ಅಕ್ಕನ ಮನಿಯಾಗ. ಪ್ರತಿ ಯುಗಾದಿಗೆ ಎರಡನ್ನೂ ಹಚ್ಚಿ ತೆರೆದು ನೋಡೋದು. ಮುಖ್ಯವಾದ ಹತ್ತಕ್ಕೆ ಪ್ರಿಂಟ್, ಹಿಂದೆ ಪೆನ್ನಿನಿಂದ ತಾರೀಖು, ಸರ್ವೆ ನಂಬರ್, ಯಾರಿದ್ದಾರೆ ಅನ್ನೋದು. ಉಳಿದ 340ರ ಮೂಲವನ್ನೂ ಅಳಿಸಿಲ್ಲ, ಭಾವನ ಡಿಸ್ಕಿನಾಗ ಅದಾವ.

ಕ್ಯಾಮೆರಾ ಇಲ್ಲದವರಿಗೆ ಒಂದು ಮಾತು. ಬೆಳೆಹಾನಿ ಫೋಟೋವನ್ನ ವಾಟ್ಸಾಪಿನಾಗ ಮಾತ್ರ ಬಿಡಬ್ಯಾಡ್ರಿ, ಅದು ಫೋಟೋ ಕುಗ್ಗಿಸ್ತದ. ಮೂಲ ಫೈಲ್ ಬೇರೆ ಕಡೆ ಇಡ್ರಿ. ಕೆಲವು ಮೊಬೈಲಿನಾಗ ರಾ ಅನ್ನೋ ಆಯ್ಕೆ ಇರ್ತದ, ಸಾಮಾನ್ಯವಾಗಿ ಡಿಎನ್‌ಜಿಯೇ. ಮುಖ್ಯ ಫೋಟೋಕ್ಕಷ್ಟೇ ಹಾಕ್ರಿ.

ನಿಮ್ಮ ಅಟ್ಟದ ಮೇಲೆ ಹಳೇ ಸಿಡಿ, ಡಿಸ್ಕ್ ಇದ್ರ ಈ ಭಾನುವಾರ ಇಳಿಸ್ರಿ. ತೆರೀಲಿಲ್ಲ ಅಂದ್ರ ಒಗೀಬ್ಯಾಡ್ರಿ. ಮಾನ್ವಿಗೆ ತಗೊಂಡು ಬರ್ರಿ, ಅಳಿಯ ಅದಾನ.