ನೀರಿಗೆ ಮದ್ದು

ನಾಯಿಗೆ ಹುಷಾರಿಲ್ಲದಿದ್ದರೆ ಮೂಲೆ ಹಿಡಿದು ಮಲಗುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ. ಕಿವಿ ಮುಟ್ಟಿ ನೋಡಿದರೆ ಜ್ವರದ ಸುಳಿವಾದರೂ ಸಿಗಬಹುದು. ಮೀನನ್ನು ಮುಟ್ಟುವ ಹಾಗಿಲ್ಲ, ಅದು ನರಳುವುದೂ ಇಲ್ಲ. ಅದರ ಕಾಯಿಲೆಯನ್ನು ಕಣ್ಣಿನಲ್ಲೇ ಹಿಡಿಯಬೇಕು. ದಿನಕ್ಕೊಮ್ಮೆಯಾದರೂ ತೊಟ್ಟಿಯ ಮುಂದೆ ಸುಮ್ಮನೆ ಕೂತು ನೋಡುವವರಿಗೆ ಮಾತ್ರ ಅದು ಸಾಧ್ಯ. ಬೆನ್ನಿನ ರೆಕ್ಕೆ ಮಡಚಿಕೊಂಡಿದೆಯೇ, ಕಿವಿರು ಎಂದಿಗಿಂತ ಬೇಗ ಬೇಗ ಆಡುತ್ತಿದೆಯೇ, ಮೇಲೆ ಬಂದು ಬಾಯಿ ಬಿಡುತ್ತಿದೆಯೇ, ಕಲ್ಲಿಗೆ ಮೈ ಉಜ್ಜಿ ಸರ್ರನೆ ಓಡುತ್ತಿದೆಯೇ: ಮೀನು ತನ್ನ ಸಂಕಟ ಹೇಳಿಕೊಳ್ಳುವುದೆಲ್ಲ ಇಷ್ಟರಲ್ಲೇ.

ನಮ್ಮ ಗುಂಡನ ಕಾಯಿಲೆಯನ್ನು ಮೊದಲು ಕಂಡವಳು ಮಗಳು. ಗುಂಡ ಎಂದರೆ ಒರಾಂಡಾ ಜಾತಿಯ ಗೋಲ್ಡ್ ಫಿಶ್. ಮೈಸೂರಿನ ಡಿಸೆಂಬರ್, ಹಗಲು ಹಿತವಾದ ಬಿಸಿಲು, ಬೆಳಗಿನ ಜಾವ ಮೈನಡುಕ. "ಅಪ್ಪಾ, ಗುಂಡನ ಬಾಲದ ಮೇಲೆ ಯಾರೋ ರವೆ ಉದುರಿಸಿದ ಹಾಗಿದೆ" ಎಂದಳು. ಬಿಳಿಚುಕ್ಕೆ ರೋಗವನ್ನು ಇದಕ್ಕಿಂತ ಚೆನ್ನಾಗಿ ಯಾರೂ ವರ್ಣಿಸಲಾರರು.

ಅಕ್ವೇರಿಯಂ ಇಟ್ಟವರು ಇದನ್ನು 'ಇಚ್' ಎನ್ನುತ್ತಾರೆ. ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿಯ ಕೆಲಸ ಇದು. ಹೊಸ ಮೀನಿನ ಜೊತೆಗೋ ನೀರುಗಿಡದ ಜೊತೆಗೋ ತೊಟ್ಟಿಗೆ ಬರುತ್ತದೆ. ನೀರು ತಟ್ಟನೆ ತಣ್ಣಗಾಗಿ ಮೀನಿನ ತ್ರಾಣ ಕುಂದಿದಾಗ ಜೋರು ಮಾಡುತ್ತದೆ. ಚರ್ಮದ ಮೇಲ್ಪದರದ ಅಡಿ ಸೇರಿ, ಅಲ್ಲೇ ತಿಂದು ಕೊಬ್ಬಿ, ಬಿಳಿ ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು ಸುತ್ತ ಒಂದು ಕೋಶ ಕಟ್ಟಿಕೊಂಡು, ಒಳಗೊಳಗೇ ಒಡೆದು ನೂರಾರು ಮರಿಗಳಾಗುತ್ತದೆ. ಈ ಮರಿಗಳು ಈಜುತ್ತ ಹೊರಬಂದು ಒಂದೆರಡು ದಿನಗಳಲ್ಲಿ ಯಾವುದಾದರೊಂದು ಮೀನನ್ನು ಸೇರಬೇಕು, ಇಲ್ಲದಿದ್ದರೆ ಸಾಯುತ್ತವೆ.

ಚಿಕಿತ್ಸೆಯ ಗುಟ್ಟೆಲ್ಲ ಇಲ್ಲೇ ಇದೆ. ಮೈಮೇಲೆ ಕಾಣುವ ಚುಕ್ಕೆಗೆ ಮದ್ದು ತಾಗುವುದಿಲ್ಲ. ತಳದ ಕೋಶಕ್ಕೂ ತಾಗುವುದಿಲ್ಲ. ಮದ್ದಿಗೆ ಸಿಗುವುದು ನೀರಿನಲ್ಲಿ ಈಜುವ, ಕಣ್ಣಿಗೆ ಕಾಣದ ಆ ಮರಿಗಳು ಮಾತ್ರ. ಹಾಗಾಗಿ ಚುಕ್ಕೆ ಉದುರಿತು, ಮೀನು ಗುಣವಾಯಿತು ಎಂದುಕೊಂಡು ಮದ್ದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮೊದಲಿಗಿಂತ ಹೆಚ್ಚು ಚುಕ್ಕೆ ಏಳುತ್ತವೆ. ಚುಕ್ಕೆ ಉದುರುವ ಹೊತ್ತಿಗೇ ನಿಜವಾದ ಚಿಕಿತ್ಸೆ ಶುರು.

ತಣ್ಣನೆಯ ನೀರಿನಲ್ಲಿ ಈ ಜೀವಿಯ ಜೀವನಚಕ್ರ ವಾರಗಟ್ಟಲೆ ಎಳೆಯುತ್ತದೆ, ಬೆಚ್ಚಗಾದರೆ ಒಂದು ವಾರದೊಳಗೇ ಮುಗಿಯುತ್ತದೆ. ಅದಕ್ಕೆಂದೇ ಹೀಟರ್ ಹಾಕಿ ನೀರನ್ನು ನಿಧಾನವಾಗಿ 28 ಡಿಗ್ರಿಗೆ ಏರಿಸಿದೆವು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಏರ್ ಪಂಪ್ ಹಗಲೂ ರಾತ್ರಿ ಓಡಬೇಕು. ಆಮೇಲೆ ಕಲ್ಲುಪ್ಪು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು. ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ 100 ಗ್ರಾಂ ಉಪ್ಪು, ಒಂದೇ ಸಲ ಸುರಿಯದೆ ಮಗ್ಗಿನಲ್ಲಿ ಕರಗಿಸಿ ಒಂದೆರಡು ದಿನಗಳಲ್ಲಿ ಹಂಚಿ ಹಾಕಬೇಕು. (ತೊಟ್ಟಿಯಲ್ಲಿ ಗಿಡಗಳಿದ್ದರೆ ಅಥವಾ ಹುರುಪೆಯಿಲ್ಲದ ಮೀಸೆ ಮೀನುಗಳಿದ್ದರೆ ಅವು ಇಷ್ಟು ಉಪ್ಪು ತಡೆಯದಿರಬಹುದು.) ನೀರು ಆರಿದರೂ ಉಪ್ಪು ಆರುವುದಿಲ್ಲ, ಎಷ್ಟು ನೀರು ತೆಗೆದೆವೋ ಅಷ್ಟಕ್ಕೆ ಮಾತ್ರ ಮತ್ತೆ ಉಪ್ಪು.

"ಉಪ್ಪು ಹಾಕಿದ್ರೆ ಅದಕ್ಕೆ ಉರಿಯಲ್ವೇನೋ?" ಎಂದು ಅಮ್ಮ ಕೇಳಿದರು. ಒಳ್ಳೆಯ ಪ್ರಶ್ನೆ. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಹಾಗಾಗಿ ಕಿವಿರಿನಿಂದ, ಚರ್ಮದಿಂದ ನೀರು ಸದಾ ಒಳಗೆ ನುಗ್ಗುತ್ತಲೇ ಇರುತ್ತದೆ. ಮೀನು ಅದನ್ನು ಮೂತ್ರವಾಗಿ ಹೊರಗೆ ಹಾಕುತ್ತಲೇ ಇರಬೇಕು. ಚರ್ಮ ತೂತುಬಿದ್ದ ಮೀನಿಗೆ ಈ ದುಡಿಮೆ ಇನ್ನೂ ಹೆಚ್ಚು. ನೀರಿಗೆ ಸ್ವಲ್ಪ ಉಪ್ಪು ಬಿದ್ದರೆ ಒಳಗಿಗೂ ಹೊರಗಿಗೂ ಇರುವ ಅಂತರ ಕಡಿಮೆಯಾಗಿ ಮೀನು ಸುಧಾರಿಸಿಕೊಳ್ಳುತ್ತದೆ. "ಹಾಗಾದ್ರೆ ಹಾಕು" ಎಂದರು ಅಮ್ಮ.

ಮೀನಿನ ಅಂಗಡಿಗಳಲ್ಲಿ ಯಾವ ಕಾಯಿಲೆ ಹೇಳಿದರೂ ಹಳದಿ ಆ್ಯಂಟಿಬಯೋಟಿಕ್ ಪುಡಿ ಕಟ್ಟಿಕೊಡುವವರಿದ್ದಾರೆ. ಬಿಳಿಚುಕ್ಕೆ ಬ್ಯಾಕ್ಟೀರಿಯಾದ ರೋಗವಲ್ಲ, ಅದರ ಮೇಲೆ ಆ ಪುಡಿ ಏನೂ ಮಾಡದು. ಅದು ಕೊಲ್ಲಬಹುದಾದದ್ದು ಫಿಲ್ಟರಿನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು. ಮೀನು ಉಸಿರಾಡಿದಂತೆಲ್ಲ ಕಿವಿರಿನಿಂದ ಅಮೋನಿಯ ಹೊರಬರುತ್ತದೆ. ಅದನ್ನು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವುದು ಈ ಬ್ಯಾಕ್ಟೀರಿಯಾಗಳೇ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಗೆ ಹಿಡಿದು ತೊಳೆದರೆ ಕ್ಲೋರಿನ್ನಿಗೆ ಅವು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಮನೆಗಳಲ್ಲಿ ರೋಗದ ಹೆಸರು ಹೊತ್ತು ಸಾಯುವ ಎಷ್ಟೋ ಮೀನುಗಳು ನಿಜಕ್ಕೂ ಸಾಯುವುದು ಅಮೋನಿಯದಿಂದ ಎಂಬುದು ನನ್ನ ದೃಢ ನಂಬಿಕೆ.

ನೀಲಿ ಸೀಸೆಯ ಮಿಥಿಲೀನ್ ಬ್ಲೂ ಬಗ್ಗೆ ನನಗೆ ಗೌರವವಿದೆ. 1876ರಲ್ಲಿ ಜರ್ಮನಿಯ ಹೈನ್ರಿಕ್ ಕಾರೊ ಬಟ್ಟೆಯ ಬಣ್ಣವಾಗಿ ಕಂಡುಹಿಡಿದದ್ದು. 1891ರಲ್ಲಿ ಪಾಲ್ ಎರ್ಲಿಕ್ ಅದನ್ನೇ ಮಲೇರಿಯಾ ರೋಗಿಗಳಿಗೆ ಕೊಟ್ಟರು. ಬಿಳಿಚುಕ್ಕೆಯ ಜೀವಿಗೆ ಫುಕೆ ಎಂಬ ವಿಜ್ಞಾನಿ ಹೆಸರಿಟ್ಟದ್ದೂ ಅದೇ 1876ರಲ್ಲಿ. ಬೂಸಲು ಹಿಡಿದ ಮೀನನ್ನು ಬೇರೆ ಟಬ್ಬಿನಲ್ಲಿಟ್ಟು ಈ ನೀಲಿ ಹಾಕಬಹುದು. ದೊಡ್ಡ ತೊಟ್ಟಿಗೆ ಬೇಡ, ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಅದೂ ಹಾನಿ.

"ಐವತ್ತು ರೂಪಾಯಿ ಮೀನಿಗೆ ಇಷ್ಟೆಲ್ಲ ಯಾಕೆ ಸಾರ್, ಹೊಸದು ತನ್ನಿ" ಎಂದರು ಪಕ್ಕದ ಮನೆಯವರು. ಚೆನ್ನಾಗಿ ನೋಡಿಕೊಂಡರೆ ಗೋಲ್ಡ್ ಫಿಶ್ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಅದಿರಲಿ, ಕಾಯಿಲೆ ಇರುವುದು ನೀರಿನಲ್ಲಿ. ಹೊಸ ಮೀನು ಬಂದು ಸೇರುವುದೂ ಆ ನೀರಿಗೇ. ಎಲ್ಲಕ್ಕಿಂತ ಮುಖ್ಯ, ಹೊಳೆಯ ಮೀನು ಕೆಟ್ಟ ನೀರು ಬಿಟ್ಟು ಮುಂದೆ ಹೋಗಬಲ್ಲದು. ಗಾಜಿನೊಳಗಿನದು ಎಲ್ಲಿಗೂ ಹೋಗಲಾರದು. ಅದನ್ನು ಅಲ್ಲಿಟ್ಟವರು ನಾವು, ಆದ್ದರಿಂದ ಅದರ ಶುಶ್ರೂಷೆಯ ಹೊಣೆ ನಮ್ಮದು. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನಲ್ಲೇ. ಆದರೂ ಸಾಕುಮೀನು ನೋಡುವ ವೈದ್ಯರು ಊರೂರಲ್ಲಿ ಸಿಗುವುದು ಕಷ್ಟ. ಹಾಗಾಗಿ ಸಾಕುವವರೇ ಕಲಿಯಬೇಕು.

ಗುಂಡನ ಚುಕ್ಕೆ ಹೋದವು. ಆಮೇಲೂ ಬಿಸಿಯನ್ನೂ ಉಪ್ಪನ್ನೂ ಮುಂದುವರಿಸಿ, ಆಗಾಗ ತಳ ಹೀರಿ, ಸ್ವಲ್ಪ ಸ್ವಲ್ಪ ನೀರು ಬದಲಿಸಿದೆವು. ಎಲ್ಲ ಮೀನಿಗೂ ಈ ಅದೃಷ್ಟವಿಲ್ಲ. ಹೊಟ್ಟೆ ಊದಿ ಹುರುಪೆಗಳು ಸೆಟೆದು ನಿಂತವೆಂದರೆ ಉಳಿಯುವುದು ಅಪರೂಪ.

ಅಂಥ ಹೊತ್ತಿನಲ್ಲಿ "ಪಾಪ, ಕೆರೆಗಾದರೂ ಬಿಡೋಣ" ಎನ್ನಿಸುತ್ತದೆ. ದಯವಿಟ್ಟು ಬಿಡಬೇಡಿ. ಈ ಬಿಳಿಚುಕ್ಕೆ ಸಿಹಿನೀರಿನ ಮೀನು ಯಾವುದಾದರೂ ಸರಿ, ಹಿಡಿಯುತ್ತದೆ. ಕೆರೆಯ ಮೀನಿಗೆ ಹೀಟರ್ ಹಾಕುವವರಿಲ್ಲ. ತೊಟ್ಟಿ ಶುಚಿ ಮಾಡಲೆಂದು ಅಂಗಡಿಯವರು ಮಾರುವ, ದಕ್ಷಿಣ ಅಮೆರಿಕ ಮೂಲದ ಬಾಯಿಹೀರು ಮೀನು ಹೀಗೆ ಯಾರೋ ಬಿಟ್ಟದ್ದೇ ಇಂದು ದಕ್ಷಿಣ ಭಾರತದ ಕೆರೆಗಳಲ್ಲಿ ಬೆಸ್ತರ ಬಲೆ ಹರಿಯುತ್ತಿದೆ. ಕಾಯಿಲೆಯ ಮೀನನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಅದರ ನೀರನ್ನು ನೋಡಿಕೊಳ್ಳಿ.